ಗಂಟು ಹಾಕಿದ ನೂಲು

ಮಡಗಾಂವಿಗೆ ಹೊರಟಾಗ ಅತ್ತೆ
ಬಲೆನೂಲಿನ ತುಂಡೊಂದನ್ನು ಸೆರಗಿಗೆ ಕಟ್ಟಿಕೊಂಡರು.
ಬೈತಖೋಲದ ನಮ್ಮ ಓಣಿಯ ಅಗಲ ಅದು,
ಶಾಂತಾರಾಮನ ಗೋಡೆಯಿಂದ ಗಟಾರದ ಅಂಚಿನವರೆಗೆ
ಹಿಡಿದು, ಎಳೆದು, ಗಂಟು ಹಾಕಿದ್ದು.
"ಗಾಡಿ ಎಷ್ಟು ಚಂದವಾದರೂ
ಮನೆಗೆ ಬರಬೇಕಲ್ಲ."

ಅಂಗಡಿಯಲ್ಲಿ ಏಸಿ. ನುಣ್ಣನೆ ಟೈಲ್ಸು.
ಆ ನೆಲದ ಮೇಲೆ ಯಾವುದು ತಾನೆ ಓಡುವುದಿಲ್ಲ,
ಐಸು ತುಂಬಿದ ಕ್ರೇಟೂ ಓಡೀತು.
ವಾಲೆಂಟಿನ್ ಎಂಬ ಹುಡುಗ ಒಂದು ಬೆರಳಲ್ಲಿ ತಳ್ಳಿ ತೋರಿಸಿದ:
ಒಂದೇ ಕೈಲಿ ಮಡಚುವುದು, ಹಿಡಿಕೆಗೆ ಚರ್ಮದ ಹೊದಿಕೆ,
ಕಾರಿನ ಸೀಟನ್ನೇ ಎತ್ತಿ ಗಾಡಿಗೆ ಕೂರಿಸಿದರೆ ಟಕ್,
ಮಗುವಿಗೆ ನಿದ್ದೆ ಕೆಡುವುದಿಲ್ಲ.
ಬೆಲೆಯ ಚೀಟಿ ಮಗುಚಿ ಬಿದ್ದಿತ್ತು.
ಪ್ರಮಿತಾ ತಿರುಗಿಸಿ ಓದಿ
ಮತ್ತೆ ಮಗುಚಿ ಇಟ್ಟಳು.

ಅತ್ತೆ ಮಾತಾಡಲಿಲ್ಲ.
ಇಸ್ವಾಣದ ಕಿವಿರೆತ್ತಿ ನೋಡುವ ಹಾಗೆ
ಚಕ್ರದ ಕೀಲು ಎತ್ತಿ ನೋಡಿದರು. ಮೂಸಿದರು ಕೂಡ.
ಆಮೇಲೆ ನೂಲು ಬಿಚ್ಚಿ
ಚಕ್ರದಿಂದ ಚಕ್ರಕ್ಕೆ ಎಳೆದು ಹಿಡಿದರು.
ಕಪ್ಪು ಗಾಡಿ ಗಂಟು ದಾಟಿತು.
ಜರ್ಮನಿಯದೂ ದಾಟಿತು.
ಮೂರನೆಯದಕ್ಕೆ ಕಾಫಿ ಲೋಟ ಇಡಲೊಂದು ಬಳೆ,
"ನನ್ನ ಎಲೆಯಡಿಕೆ ಡಬ್ಬಿಗೆ ಸಮ ಆಯ್ತು" ಅಂದರು,
ಅದೂ ದಾಟಿತು, ಒಂದೇ ಬೆರಳಷ್ಟು.
ಗಂಟಿನೊಳಗೆ ಬಂದದ್ದು ಮೂಲೆಯಲ್ಲಿದ್ದ ಬೂದುಬಣ್ಣದ್ದು.
ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದಾ ಎಂದು ಕೇಳಿದ್ದಕ್ಕೆ
ವಾಲೆಂಟಿನ್ ಮೊದಲ ಸಲ ಗೊತ್ತಿಲ್ಲ ಅಂದ.
ಅವನ ಮೇಲೆ ನಂಬಿಕೆ ಬಂದದ್ದು ಆಗಲೇ.

ನಾನು ಕಾದದ್ದು ಸೀಟಿಗೆ.
ಹನ್ನೊಂದು ವರ್ಷ ಆಂಬುಲೆನ್ಸ್ ಓಡಿಸಿದ್ದೇನೆ,
ಮಾಜಾಳಿ ಗೇಟಿನಿಂದ ಮಣಿಪಾಲದ ತನಕ
ಒಂದೊಂದು ತಿರುವಿಗೂ ನನ್ನ ಬಳಿ ಬೇರೆಯೇ ಹೆಸರಿದೆ.
ಬಾಳೆಗುಳಿ ಕ್ರಾಸಿನಲ್ಲಿ ಒಬ್ಬ ತಂದೆ
ನನ್ನ ಅಂಗಿ ಹಿಡಿದುಕೊಂಡು ಅದನ್ನೇ ಹೇಳುತ್ತಿದ್ದ:
ಹತ್ತೇ ನಿಮಿಷದ ದಾರಿ,
ಮಡಿಲಲ್ಲೇ ಇತ್ತು, ಮಡಿಲಲ್ಲೇ ಇತ್ತು.

ಮನೆಯಲ್ಲಿ ಇದನ್ನು ಹೇಳಿಲ್ಲ.
ಬಕಲು ಮಾತ್ರ ಹಾಕಿದೆ, ತೆಗೆದೆ, ಹಾಕಿದೆ,
ಇಪ್ಪತ್ತು ಸಲವಾದರೂ ಇರಬೇಕು.
ನಮ್ಮದು ಹಳೆಯ ಕಾರು, ಕೊಕ್ಕೆಯಿಲ್ಲ,
ಬೆಲ್ಟಿನಿಂದಲೇ ಬಿಗಿಯಬೇಕು.
ವಾಲೆಂಟಿನ್ ಗಡಿಯಾರ ನೋಡಿಕೊಂಡ.

"ಇದೇನು, ಮಗು ಹಿಂದುಮುಂದಾಗಿ ಕೂರುವುದಾ?"
ಪ್ರಮಿತಾ ಹುಬ್ಬು ಗಂಟಿಕ್ಕಿದಳು.
ಉತ್ತರ ಅತ್ತೆಯಿಂದ ಬಂತು:
"ಹುಟ್ಟು ಹಾಕುವವ ಹೇಗೆ ಕೂರ್ತಾನೆ ಮತ್ತೆ?
ಬಿಟ್ಟ ದಡದ ಕಡೆಗೇ ಮುಖ."
ಸೊಂಟದ ಚೀಲದಿಂದ ಹನ್ನೆರಡು ಸಾವಿರ ಎಣಿಸಿದರು,
ನೋಟಿಗೆಲ್ಲ ಮೀನಿನ ವಾಸನೆ.
"ಬೋಟಿಗೆ ವಿಮೆ ಕಟ್ತೇವೆ, ಇದಕ್ಕೆಂಥ ಚೌಕಾಸಿ" ಅಂದರು.
ಆಮೇಲೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು.

ಮರುವಾರ ಕುಮಟೆಯಿಂದ ಒಬ್ಬನೇ ಬರುತ್ತಿದ್ದೆ.
ರಸ್ತೆಬದಿಗೆ ಸಿಹಿ ಈರುಳ್ಳಿಯ ಜಡೆಗಳು ತೂಗುತ್ತಿದ್ದವು.
ಸರಿಯಾಗಿ ಮೂರೂವರೆ ಕಿಲೋದ್ದು ಕೊಡಿ ಎಂದೆ.
ಮಾರುವವಳು ನಕ್ಕಳು,
ಜಡೆಗೆ ತೂಕ ಕೇಳಿದವ ನೀನೊಬ್ಬನೇ.
ಸೀಟಿನಲ್ಲಿ ಮಲಗಿಸಿ, ಹೆಗಲ ಮೇಲೆರಡು, ಕಾಲ ನಡುವೊಂದು,
ಪಟ್ಟಿ ಬಿಗಿದೆ.
ಹಾರವಾಡ ದಾಟಿ, ಕನ್ನಡಿಯಲ್ಲಿ
ಹಿಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿ
ಬ್ರೇಕಿನ ಮೇಲೆ ನಿಂತೆ.

ನೀರಿನ ಬಾಟಲಿ ಹಾರಿತು. ಛತ್ರಿ ಹಾರಿತು.
ನನ್ನ ಎದೆಗೆ ಬೆಲ್ಟು ಗೀರಿತು.
ತಿರುಗಿ ನೋಡಲು ಸ್ವಲ್ಪ ಹೊತ್ತು ಬೇಕಾಯಿತು.

ಒಂದು ಗಡ್ಡೆಯೂ ಕದಲಿರಲಿಲ್ಲ.

ಆ ರಾತ್ರಿಯ ಸಿಗಡಿ ಸುಕ್ಕಕ್ಕೆ ಅದೇ ಈರುಳ್ಳಿ.
ಬಕಲಿನ ಸಂದಿಯಲ್ಲಿ ಕೆಂಪು ಸಿಪ್ಪೆಯೊಂದು ಸಿಕ್ಕಿಕೊಂಡಿತ್ತು.
ಎಂಟು ತಿಂಗಳ ಹೊಟ್ಟೆ ಹೊತ್ತು ಬಗ್ಗಿ
ಪ್ರಮಿತಾ ಊದಿ ತೆಗೆಯಹೋದಳು.
ಇರಲಿ ಬಿಡು, ಅಂದೆ.